ನೇಗಿಲಿಗೆ ಕೊಟ್ಟ ಮಾತು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಧಾನ್ಯದ ಹಡಗುಗಳನ್ನು ಮುಳುಗಿಸತೊಡಗಿದಾಗ, ಎಪ್ಪತ್ತು ವರ್ಷಗಳಿಂದ ಪರದೇಶದ ಗೋಧಿಯನ್ನೇ ನೆಚ್ಚಿಕೊಂಡು ತನ್ನ ಒಕ್ಕಲಿಗನನ್ನು ಬಹುಮಟ್ಟಿಗೆ ಮರೆತಿದ್ದ ಬ್ರಿಟನ್ನಿಗೆ ಇದ್ದಕ್ಕಿದ್ದಂತೆ ತನ್ನ ನೆಲದ ನೆನಪಾಯಿತು. 1917ರಲ್ಲಿ ಅಲ್ಲಿಯ ಪಾರ್ಲಿಮೆಂಟು ಗೋಧಿ ಮತ್ತು ಓಟ್ಸ್ ಬೆಳೆಗಳಿಗೆ ಕನಿಷ್ಠ ಬೆಲೆಯ ಖಾತರಿಯನ್ನು ಕೊಟ್ಟಿತು. ಯುದ್ಧ ಮುಗಿದ ಮೇಲೂ, 1920ರ ಡಿಸೆಂಬರಿನಲ್ಲಿ, ಮತ್ತೊಂದು ಶಾಸನವನ್ನು ರಚಿಸಿ, ಈ ಖಾತರಿಯನ್ನು ಹಿಂತೆಗೆಯಬೇಕಾದರೆ ನಾಲ್ಕು ವರ್ಷ ಮುಂಚಿತವಾಗಿ ತಿಳಿಸತಕ್ಕದ್ದೆಂದು ವಿಧಿಸಿತು. ಒಕ್ಕಲಿಗರು ಆ ಮಾತನ್ನು ನಂಬಿ ಹುಲ್ಲುಗಾವಲನ್ನು ಉತ್ತು ಬಿತ್ತಿದರು, ಸಾಲ ಮಾಡಿ ಜಮೀನು ಕೊಂಡರು. ಆರೇಳು ತಿಂಗಳು ಕಳೆಯುವಷ್ಟರಲ್ಲಿ ಲೋಕದ ಪೇಟೆಯಲ್ಲಿ ಧಾನ್ಯದ ಬೆಲೆ ಕುಸಿಯಿತು. ಕೊಟ್ಟ ಮಾತನ್ನು ನಡೆಸಿಕೊಡಬೇಕಾದ ಗಳಿಗೆ ಒದಗಿದೊಡನೆಯೇ ಸರಕಾರವು ಬೊಕ್ಕಸದ ಭಾರಕ್ಕೆ ಅಂಜಿ, 1921ರ ಬೇಸಗೆಯಲ್ಲಿ ಶಾಸನವನ್ನೇ ರದ್ದುಗೊಳಿಸಿತು. ನಾಲ್ಕು ವರ್ಷದ ಮುನ್ಸೂಚನೆಯ ವಿಧಿಯೂ ಅದರೊಡನೆಯೇ ಅಳಿಯಿತು. ಆ ನಾಡಿನ ರೈತರು ಈ ಪ್ರಸಂಗವನ್ನು ‘ಮಹಾದ್ರೋಹ’ವೆಂದು ಕರೆದರು, ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆ ಹೆಸರು ಇಳಿದುಬಂದಿತು.

ಶತಮಾನದ ಹಿಂದಿನ ಈ ವೃತ್ತಾಂತವನ್ನು ಈಗ ಎತ್ತಿದುದಕ್ಕೆ ಕಾರಣವುಂಟು. 2016ರ ಜೂನ್ 23ರ ಜನಮತಗಣನೆಯಲ್ಲಿ ನೂರಕ್ಕೆ 51.9ರಷ್ಟು ಮತಗಳು ಐರೋಪ್ಯ ಒಕ್ಕೂಟವನ್ನು ತೊರೆಯುವುದರ ಪರವಾಗಿ ಬಿದ್ದು, 2020ರ ಜನವರಿ 31ರಂದು ಬ್ರಿಟನ್ ಆ ಒಕ್ಕೂಟದಿಂದ ಹೊರಬಂದಾಗ, ನಲವತ್ತೇಳು ವರ್ಷಗಳ ಕಾಲ ಬ್ರಸೆಲ್ಸ್ ನಗರದಲ್ಲಿ ನಿರ್ಣಯವಾಗುತ್ತಿದ್ದ ಕೃಷಿ ಸಹಾಯಧನದ ಅಧಿಕಾರವು ಮರಳಿ ಲಂಡನ್ನಿನ ಕೈಸೇರಿತು. ಅಂದಿನಿಂದ ಆ ಹಣ ಎಷ್ಟಿರಬೇಕು, ಯಾರಿಗೆ ಸಲ್ಲಬೇಕು, ಯಾವ ಕೆಲಸಕ್ಕಾಗಿ ಸಲ್ಲಬೇಕು ಎಂಬ ಚರ್ಚೆ ಅಲ್ಲಿ ನಿಂತಿಲ್ಲ. ಇವೆಲ್ಲ ಯೋಗ್ಯವಾದ ಪ್ರಶ್ನೆಗಳೇ. ಆದರೆ ಇವೆಲ್ಲಕ್ಕೂ ಬುಡದಲ್ಲಿರುವ ಪ್ರಶ್ನೆ ಬೇರೊಂದು: ಎಷ್ಟು ಕಾಲದವರೆಗೆ? ಒಂದು ಓಕ್ ಸಸಿಯನ್ನು ನೆಡುವವನಿಗೆ, ಒಂದು ಕುರಿಮಂದೆಯನ್ನು ಕಟ್ಟುವವನಿಗೆ, ಸತ್ತ ಮಣ್ಣಿಗೆ ಸಾರವನ್ನು ಮರಳಿ ತುಂಬುವವನಿಗೆ, ಸರಕಾರದ ಮಾತು ಎಷ್ಟು ವರ್ಷ ನಿಲ್ಲುತ್ತದೆಂಬುದು ಆ ಮಾತಿನಲ್ಲಿ ಎಷ್ಟು ಪೌಂಡುಗಳಿವೆಯೆಂಬುದಕ್ಕಿಂತ ಮುಖ್ಯವಾದುದು. ಒಕ್ಕೂಟವನ್ನು ಬಿಟ್ಟುದರಿಂದ ಬ್ರಿಟನ್ನಿನ ರೈತನು ಕಳೆದುಕೊಂಡಿರುವುದು ಹಣಕ್ಕಿಂತ ಹೆಚ್ಚಾಗಿ ಈ ಕಾಲದ ಭರವಸೆಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ಹಸಿವನ್ನು ಕಂಡ ಮೇಲೆ, ಪ್ರಧಾನಿ ಆಟ್ಲಿಯವರ ಸರಕಾರದಲ್ಲಿ ಕೃಷಿಮಂತ್ರಿಯಾಗಿದ್ದ, ಗಣಿಕಾರ್ಮಿಕನಾಗಿ ಬಾಳನ್ನು ಆರಂಭಿಸಿದ್ದ ಟಾಮ್ ವಿಲಿಯಮ್ಸರು 1947ರ ಕೃಷಿ ಶಾಸನವನ್ನು ತಂದರು. ಪೇಟೆಯ ಬೆಲೆ ಖಾತರಿಯ ಬೆಲೆಗಿಂತ ಕೆಳಗಿಳಿದರೆ ಆ ವ್ಯತ್ಯಾಸವನ್ನು ಸರಕಾರವು ತುಂಬಿಕೊಡುವ ಪದ್ಧತಿ ಆಗ ಬೇರೂರಿತು. ಕೊಳ್ಳುವ ಗೃಹಿಣಿಗೆ ಅಗ್ಗದ ರೊಟ್ಟಿ, ಬೆಳೆಯುವ ಒಕ್ಕಲಿಗನಿಗೆ ನೆಮ್ಮದಿಯ ಬೆಲೆ, ನಡುವಿನ ಕಂದರಕ್ಕೆ ಬೊಕ್ಕಸದ ಸೇತುವೆ. 1973ರ ಜನವರಿ 1ರಂದು ಬ್ರಿಟನ್ ಐರೋಪ್ಯ ಸಮುದಾಯವನ್ನು ಸೇರಿದಾಗ ಇದು ತಲೆಕೆಳಗಾಯಿತು. 1957ರ ರೋಮ್ ಒಪ್ಪಂದದಿಂದ ಹುಟ್ಟಿ 1962ರಿಂದ ಜಾರಿಗೆ ಬಂದಿದ್ದ ಸಾಮಾನ್ಯ ಕೃಷಿನೀತಿಯು ಹೊರಗಿನ ಧಾನ್ಯಕ್ಕೆ ಸುಂಕದ ಗೋಡೆಯನ್ನೆಬ್ಬಿಸಿ, ಒಳಗಿನ ಬೆಲೆಯನ್ನು ಎತ್ತರದಲ್ಲಿರಿಸಿ, ಮಾರಾಟವಾಗದೆ ಉಳಿದುದನ್ನು ತಾನೇ ಕೊಂಡು ಗೋದಾಮಿನಲ್ಲಿ ತುಂಬುತ್ತಿತ್ತು. ಬೆಣ್ಣೆಯ ಬೆಟ್ಟ, ದ್ರಾಕ್ಷಾರಸದ ಸರೋವರ ಎಂಬ ಮಾತುಗಳು ಆ ಗೋದಾಮುಗಳಿಂದಲೇ ಹುಟ್ಟಿದುವು. 1984ರಲ್ಲಿ ಹಾಲಿನ ಮೇಲೆ ಕೋಟಾ ಹೇರಿದಾಗ, ಅದುವರೆಗೆ ಹೆಚ್ಚು ಕರೆಯಿರೆಂಬ ಉಪದೇಶವನ್ನೇ ಕೇಳುತ್ತಿದ್ದ ಹೈನುಗಾರರು ಹಠಾತ್ತಾಗಿ ಹಸುಗಳನ್ನು ಮಾರಬೇಕಾಯಿತು. ಬ್ರಸೆಲ್ಸಿನ ಮಾತೂ ಎಂದೂ ಮುರಿಯದ ಮಾತಾಗಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳತಕ್ಕದ್ದು. ಆದರೂ ಇಪ್ಪತ್ತೇಳೋ ಇಪ್ಪತ್ತೆಂಟೋ ದೇಶಗಳು ಕೂಡಿ ಏಳು ವರ್ಷಗಳ ಆಯವ್ಯಯವನ್ನು ಒಮ್ಮೆಗೇ ಕಟ್ಟುವ ಕ್ರಮದಲ್ಲಿ, ಅದನ್ನು ನಡುವೆ ಕದಲಿಸುವುದು ಯಾವೊಬ್ಬ ಹಣಕಾಸಿನ ಮಂತ್ರಿಯ ಕೈಯಲ್ಲಿಯೂ ಇರಲಿಲ್ಲ. ಅದು ರೈತರ ಮೇಲಣ ಪ್ರೀತಿಯಿಂದ ಬಂದ ಗುಣವಲ್ಲ, ಯಂತ್ರದ ಭಾರದಿಂದ ಬಂದ ಗುಣ, ಆದರೂ ಗುಣವೇ.

1992ರ ಮತ್ತು 2003ರ ಸುಧಾರಣೆಗಳ ತರುವಾಯ ಸಹಾಯಧನವು ಬೆಳೆಯ ಬೆಲೆಯನ್ನು ಬಿಟ್ಟು ಜಮೀನಿನ ವಿಸ್ತೀರ್ಣವನ್ನು ಹಿಡಿಯಿತು. ಹೆಕ್ಟೇರಿಗೆ ಇಷ್ಟೆಂದು ಲೆಕ್ಕ. ಏನು ಬೆಳೆದೆ, ಎಷ್ಟು ಬೆಳೆದೆ ಎಂಬ ಪ್ರಶ್ನೆಯಿಲ್ಲ. ಇದರಲ್ಲಿ ಅಡಗಿದ್ದ ಅನ್ಯಾಯವು ಎದ್ದು ಕಾಣುವಂಥದು. ಇಂಗ್ಲೆಂಡಿನಲ್ಲಿ ಈ ಹಣದ ಅರ್ಧದಷ್ಟು ಭಾಗ ಅತಿ ಹೆಚ್ಚು ಪಡೆಯುವ ನೂರಕ್ಕೆ ಹತ್ತು ಮಂದಿಗೆ ಸಲ್ಲುತ್ತಿತ್ತು. ಅತಿ ಕಡಿಮೆ ಪಡೆಯುವ ನೂರಕ್ಕೆ ಇಪ್ಪತ್ತು ಮಂದಿಗೆ ಸಿಗುತ್ತಿದ್ದುದು ನೂರರಲ್ಲಿ ಎರಡು ಪಾಲು. ಆದರೆ ಅದೇ ಸರಕಾರಿ ಅಂಕಿಅಂಶಗಳಲ್ಲಿ ಇನ್ನೊಂದು ಸತ್ಯವೂ ಇತ್ತು: ಈ ಹಣವಿಲ್ಲದಿದ್ದರೆ ಹತ್ತರಲ್ಲಿ ನಾಲ್ಕು ಹಿಡುವಳಿಗಳು ನಷ್ಟದಲ್ಲಿ ಮುಳುಗುತ್ತಿದ್ದುವು. ದೊಡ್ಡ ಜಮೀನ್ದಾರನಿಗೆ ಹೆಚ್ಚಾದುದೂ ಬೆಟ್ಟದ ಕುರಿಗಾಹಿಗೆ ಜೀವಾಧಾರವಾದುದೂ ಒಂದೇ ಹಣ.

ಈ ವಿಸ್ತೀರ್ಣದ ಲೆಕ್ಕಾಚಾರಕ್ಕೂ ನಮ್ಮ ಕರ್ನಾಟಕದ ರೈತ ಚಳವಳಿಗೂ ನಿಜವಾದ ನಂಟೊಂದಿದೆ. ವಿಶ್ವ ವಾಣಿಜ್ಯ ಸಂಸ್ಥೆಯ ಕೃಷಿ ಒಪ್ಪಂದದಲ್ಲಿ ಸಹಾಯಧನಗಳನ್ನು ಬಣ್ಣದ ಪೆಟ್ಟಿಗೆಗಳಾಗಿ ವಿಂಗಡಿಸಿದರು. ಉತ್ಪಾದನೆಯೊಡನೆ ನೇರ ಸಂಬಂಧವಿಲ್ಲದ ಪಾವತಿಗಳು ಹಸಿರು ಪೆಟ್ಟಿಗೆಯೊಳಗೆ ಸೇರಿ ಕಡಿತದಿಂದ ಪಾರಾದುವು. ಯುರೋಪು ತನ್ನ ಹಣವನ್ನು ಕ್ರಮಕ್ರಮವಾಗಿ ಆ ಪೆಟ್ಟಿಗೆಗೆ ವರ್ಗಾಯಿಸಿಕೊಂಡಿತು. ಶ್ರೀಮಂತ ರಾಷ್ಟ್ರಗಳು ತಮ್ಮ ರೈತನಿಗೆ ಒಂದು ಕೈಯಲ್ಲಿ ಹಣವನ್ನಿತ್ತು, ಇನ್ನೊಂದು ಕೈಯಿಂದ ಬಡರಾಷ್ಟ್ರಗಳ ಪೇಟೆಯ ಬಾಗಿಲನ್ನು ತಳ್ಳುತ್ತಿವೆಯೆಂದು ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರು ಮತ್ತು ರಾಜ್ಯ ರೈತ ಸಂಘದವರು ಆ ಒಪ್ಪಂದಕ್ಕೆ ಮೂಲವಾದ ಡಂಕೆಲ್ ಕರಡಿನ ಕಾಲದಿಂದಲೂ ಸಾರಿದರು. 1999ರಲ್ಲಿ ಅವರ ಮುಂದಾಳುತನದಲ್ಲಿ ಹಲವು ನೂರು ಭಾರತೀಯ ರೈತರು, ಹಸಿರು ಶಾಲು ಹೊದ್ದವರು, ಯುರೋಪಿನ ನಗರದಿಂದ ನಗರಕ್ಕೆ ಹೋಗಿ ಅಲ್ಲಿಯ ಒಕ್ಕಲಿಗರೊಡನೆ ನಿಂತು ಈ ವಾಣಿಜ್ಯ ವ್ಯವಸ್ಥೆಯನ್ನು ಪ್ರತಿಭಟಿಸಿದರು. ಆ ದಂಡಯಾತ್ರೆಯ ವಿಶೇಷವೇನೆಂದರೆ, ಅವರು ಯುರೋಪಿನ ಸಣ್ಣ ರೈತನನ್ನು ಹಗೆಯೆಂದು ಬಗೆಯಲಿಲ್ಲ. ಆ ವಿವೇಕವನ್ನು ನಾವು ಇಂದೂ ಮರೆಯಬಾರದು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ನುಗಳ ನಡುವೆ ವಾಣಿಜ್ಯ ಒಪ್ಪಂದಕ್ಕೆ ಸಹಿ ಬಿದ್ದಾಗ ನಮ್ಮ ಸರಕಾರ ಹೈನು ಪದಾರ್ಥಗಳನ್ನು ರಿಯಾಯತಿಯ ಪಟ್ಟಿಯಿಂದ ಹೊರಗಿರಿಸಿತು. ನಾಲ್ಕಾರು ಹಸುಗಳ ಹಾಲನ್ನು ಡೇರಿಗೆ ಹಾಕಿ ಬದುಕುವ ಮಂಡ್ಯ, ಕೋಲಾರ, ಹಾಸನಗಳ ಕುಟುಂಬಗಳ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ.

ಒಕ್ಕೂಟವನ್ನು ಬಿಡುವುದೆಂದಾದ ಮೇಲೆ, ಕೃಷಿ ಇಲಾಖೆಯನ್ನು ವಹಿಸಿಕೊಂಡಿದ್ದ ಮೈಕೇಲ್ ಗೋವ್ ಎಂಬ ಮಂತ್ರಿಗಳು ಹೊಸದೊಂದು ತತ್ತ್ವವನ್ನು ಮುಂದಿಟ್ಟರು: ಸಾರ್ವಜನಿಕರ ಹಣವು ಸಾರ್ವಜನಿಕರ ಹಿತಕ್ಕೇ ಸಲ್ಲಬೇಕು. ಗೋಧಿಗೆ ಪೇಟೆಯಲ್ಲಿ ಬೆಲೆಯಿದೆ. ನಿರ್ಮಲವಾದ ನದಿಗೆ, ನೆರೆಯನ್ನು ತಡೆಹಿಡಿಯುವ ಜೌಗುನೆಲಕ್ಕೆ, ಹಕ್ಕಿ ಗೂಡು ಕಟ್ಟುವ ಗಿಡದ ಬೇಲಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದುದರಿಂದ ಅದನ್ನು ಸಮಾಜವೇ ಕೊಡತಕ್ಕದ್ದು. 2020ರ ನವೆಂಬರಿನಲ್ಲಿ ಅಂಗೀಕೃತವಾದ ಕೃಷಿ ಶಾಸನ ಈ ತತ್ತ್ವದ ಮೇಲೆ ನಿಂತಿದೆ. ತತ್ತ್ವ ಸರಿಯಾದುದು, ಅದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. 1970ರಿಂದೀಚೆಗೆ ಬ್ರಿಟನ್ನಿನ ಹೊಲಗದ್ದೆಗಳ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿದಿದೆ. ಹಾಡುತ್ತ ಬಾನಿಗೇರುವ ಸ್ಕೈಲಾರ್ಕ್, ಟಿಟ್ಟಿಭ, ಬಾಗಿದ ಕೊಕ್ಕಿನ ಕರ್ಲ್ಯೂಗಳಿಲ್ಲದ ಹೊಲಗಳಲ್ಲಿ ಒಂದು ಪೀಳಿಗೆಯೇ ಬೆಳೆದಿದೆ. ಈ ನಷ್ಟಕ್ಕೆ ಹಳೆಯ ಸಹಾಯಧನವು ದಶಕಗಟ್ಟಲೆ ಪ್ರೋತ್ಸಾಹವನ್ನೇ ಕೊಟ್ಟಿತ್ತು.

ಇಂಗ್ಲೆಂಡಿನ ಹೊಸ ಏರ್ಪಾಟಿನ ಬುನಾದಿಯಾದುದು ಸುಸ್ಥಿರ ಕೃಷಿ ಪ್ರೋತ್ಸಾಹಧನ ಯೋಜನೆ. ಇದರಲ್ಲಿ ರೈತನು ತನಗೆ ಒಪ್ಪುವ ಕೆಲಸಗಳನ್ನು ಆರಿಸಿಕೊಂಡು, ಸಾಮಾನ್ಯವಾಗಿ ಮೂರು ವರ್ಷಗಳಿಗೆ ಕರಾರು ಮಾಡಿಕೊಳ್ಳುತ್ತಿದ್ದನು. ಕ್ಲೋವರ್, ಚಿಕೋರಿ ಮೊದಲಾದ ಬಗೆಬಗೆಯ ಸಸ್ಯಗಳನ್ನು ಬೆರಸಿ ಹುಲ್ಲುಗಾವಲನ್ನು ಬೆಳೆಸಿದರೆ ಹೆಕ್ಟೇರಿಗೆ ವರ್ಷಕ್ಕೆ 382 ಪೌಂಡು ಕೊಡುತ್ತಿದ್ದರು. ಚಳಿಗಾಲದ ಹಕ್ಕಿಗಳಿಗಾಗಿ ಕಾಳಿನ ಪಟ್ಟಿಯನ್ನು ಬಿಟ್ಟರೆ ಅದಕ್ಕೊಂದು ದರ. ಬೇಲಿಯನ್ನು ವರ್ಷವರ್ಷವೂ ಕತ್ತರಿಸದೆ ಹೂಬಿಡಲು ಬಿಟ್ಟರೆ ನೂರು ಮೀಟರಿಗೆ ಇಷ್ಟೆಂದು ಇನ್ನೊಂದು ದರ. ಮೊದಮೊದಲು ದರಗಳು ತೀರ ಕಡಿಮೆಯಿದ್ದು ಹೆಚ್ಚು ಮಂದಿ ಮುಂದೆ ಬರಲಿಲ್ಲ. ದರಗಳನ್ನು ಏರಿಸಿ, ನಿಯಮಗಳನ್ನು ಸಡಿಲಿಸಿದ ಮೇಲೆ ಜನ ಬಂದರು; 2025ರ ವೇಳೆಗೆ 37,000 ಕರಾರುಗಳಾಗಿದ್ದುವು. ಅವಿಶ್ವಾಸದಿಂದ ದೂರ ನಿಂತಿದ್ದವರು ನೆರೆಹೊರೆಯವರನ್ನು ನೋಡಿ, ಹೊಲದ ನಕ್ಷೆಯನ್ನು ಹರಡಿಕೊಂಡು, ಯಾವ ಮೂಲೆಯಲ್ಲಿ ಯಾವ ಬೀಜವೆಂದು ಲೆಕ್ಕ ಹಾಕತೊಡಗಿದ್ದರು.

2025ರ ಮಾರ್ಚ್ 11ರ ಸಂಜೆ ಆ ಯೋಜನೆಯ ಬಾಗಿಲು ಮುಚ್ಚಿತು. ವರ್ಷಕ್ಕೆ ಮೀಸಲಾದ ಹಣವೆಲ್ಲ ಹಂಚಿಕೆಯಾಯಿತೆಂದು ಕಾರಣವಿತ್ತರು. ನಿಲ್ಲಿಸುವ ಮುನ್ನ ಆರು ವಾರಗಳ ತನಕ ಸೂಚನೆ ಕೊಡುವೆವೆಂದು ಇಲಾಖೆಯೇ ಹಿಂದೆ ತಿಳಿಸಿತ್ತು; ಆ ಸಂಜೆ ಅರ್ಜಿಯನ್ನು ಅರ್ಧ ತುಂಬಿಟ್ಟವನಿಗೆ ಆರು ಗಂಟೆಗಳ ಸೂಚನೆಯೂ ದೊರೆಯಲಿಲ್ಲ. ಅರ್ಜಿಯನ್ನು ತೆರೆದು ಸಲ್ಲಿಸದೆ ಉಳಿದಿದ್ದ ಸುಮಾರು ಮೂರು ಸಾವಿರ ಮಂದಿಗೆ, ನ್ಯಾಯಾಲಯದ ಮೊಕದ್ದಮೆಯ ಬೆದರಿಕೆ ಬಂದ ಮೇಲೆ, ಸೀಮಿತವಾದ ಅವಕಾಶವನ್ನು ಮತ್ತೆ ತೆರೆದರು. ಆದರೆ ಹಣವು ಒಂದು ತಿಂಗಳು ತಡವಾಗಿ ಬಂದರೂ ಹೊಲ ಸಹಿಸಿಕೊಳ್ಳುತ್ತದೆ. ಆಡಿದ ಮಾತಿನ ಮೇಲಣ ವಿಶ್ವಾಸ ಹೋದರೆ ಮುಂದಿನ ವರ್ಷ ಆ ಹೊಲದಲ್ಲಿ ಹಕ್ಕಿಯ ಕಾಳು ಬಿತ್ತುವವರು ಯಾರು? 1921ರ ಹೆಸರನ್ನು ಅಜ್ಜಂದಿರಿಂದ ಕೇಳಿದ್ದ ಮಂದಿಗೆ ಈ ಸಂಜೆ ಏನನ್ನು ನೆನಪಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅತ್ತ ವಿಸ್ತೀರ್ಣದ ಲೆಕ್ಕದ ಹಳೆಯ ಪಾವತಿ ಕರಗುತ್ತ ಬಂದಿತು. 2021ರಿಂದ 2027ರವರೆಗೆ ಏಳು ವರ್ಷಗಳಲ್ಲಿ ಅದನ್ನು ಮೆಲ್ಲಮೆಲ್ಲನೆ ಇಳಿಸಿ ಕೊನೆಗಾಣಿಸುವುದೆಂದು ಮೊದಲು ಹೇಳಿದ್ದರು. 2024ರ ಅಕ್ಟೋಬರ್ 30ರ ಆಯವ್ಯಯದಲ್ಲಿ ರೇಚಲ್ ರೀವ್ಸ್ ಎಂಬ ಹಣಕಾಸಿನ ಮಂತ್ರಿಣಿಯವರು ಆ ಇಳಿತವನ್ನು ತೀವ್ರಗೊಳಿಸಿದುದರಿಂದ, 2025ರಲ್ಲಿ ಎಷ್ಟೇ ದೊಡ್ಡ ಹಿಡುವಳಿಗಾದರೂ 7,200 ಪೌಂಡಿಗಿಂತ ಹೆಚ್ಚು ದೊರೆಯಲಿಲ್ಲ. ಉಳಿದೆರಡು ವರ್ಷಗಳ ಮಿತಿ 600 ಪೌಂಡು. ಅದೇ ಆಯವ್ಯಯದಲ್ಲಿ ಕೃಷಿಭೂಮಿಯ ಉತ್ತರಾಧಿಕಾರದ ಮೇಲೆ, ಹತ್ತು ಲಕ್ಷ ಪೌಂಡಿಗಿಂತ ಮೇಲ್ಪಟ್ಟ ಮೌಲ್ಯಕ್ಕೆ, ತೆರಿಗೆಯನ್ನು ವಿಧಿಸುವುದೆಂದು ಸಾರಿದರು. ನವೆಂಬರಿನಲ್ಲಿ ಸಾವಿರಾರು ರೈತರು ಲಂಡನ್ನಿನ ಬೀದಿಗಿಳಿದರು. ವರ್ಷ ಕಳೆದ ಮೇಲೆ ಆ ಮಿತಿಯನ್ನು ಇಪ್ಪತ್ತೈದು ಲಕ್ಷಕ್ಕೆ ಏರಿಸಿದರು. ತೆರಿಗೆಯ ನ್ಯಾಯಾನ್ಯಾಯ ಬೇರೆ ವಿಚಾರ, ಅದನ್ನಿಲ್ಲಿ ಬಿಡೋಣ. ಆದರೆ ಒಂದೂವರೆ ವರ್ಷದೊಳಗೆ ಇಷ್ಟೆಲ್ಲ ಮಾತುಗಳು ಆಡಲ್ಪಟ್ಟು, ಬದಲಾಗಿ, ಮತ್ತೆ ಬದಲಾದುದನ್ನು ಗಮನಿಸಬೇಕು.

ಈ ಚಂಚಲತೆಯಿಂದ ಅತ್ಯಂತ ಹೆಚ್ಚು ನೋಯುವುದು ಎಲ್ಲಿ ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಕಂಬ್ರಿಯಾದ ಬೆಟ್ಟಸೀಮೆಯನ್ನು ನೋಡಬೇಕು. ಅಲ್ಲಿ ಹರ್ಡ್‌ವಿಕ್ ಎಂಬ ಬೂದುಬಣ್ಣದ ಕುರಿತಳಿಯಿದೆ. ಹುಟ್ಟುವಾಗ ಮರಿ ಕಪ್ಪು, ಬೆಳೆಯುತ್ತ ಮೈ ಬೂದಿಯಾಗುತ್ತದೆ, ಮುಖ ಬೆಳ್ಳಗಾಗುತ್ತದೆ. ನಮ್ಮ ಗೋಮಾಳಗಳಂತೆ ಹಲವರು ಹಕ್ಕುಳ್ಳ ಆ ಎತ್ತರದ ಬೆಟ್ಟಗಳಿಗೆ ಬೇಲಿಯಿಲ್ಲ. ಬೇಲಿಯಿಲ್ಲದಿದ್ದರೂ ಒಬ್ಬನ ಮಂದೆ ಇನ್ನೊಬ್ಬನ ಮೇವಿನ ಎಡೆಗೆ ಹೋಗುವುದಿಲ್ಲ. ಏಕೆಂದರೆ ತಾಯಿಕುರಿ ತನ್ನ ಮರಿಯನ್ನು ಮೊದಲ ಬೇಸಗೆಯಲ್ಲಿಯೇ ಜೊತೆಗೆ ಕರೆದೊಯ್ದು, ನಮ್ಮ ಎಲ್ಲೆ ಈ ಹಳ್ಳ, ಆ ಬಂಡೆ ಎಂಬುದನ್ನು ನಡೆದು ತೋರಿಸುತ್ತದೆ. ಆ ಮರಿ ತಾಯಾದಾಗ ತನ್ನ ಮರಿಗೆ ಅದನ್ನೇ ತೋರಿಸುತ್ತದೆ. ಹೀಗೆ ಪೀಳಿಗೆಯಿಂದ ಪೀಳಿಗೆಗೆ ಸಾಗಿಬಂದ ಈ ಎಲ್ಲೆಯ ಜ್ಞಾನವನ್ನು ಹಣ ಕೊಟ್ಟು ಪೇಟೆಯಲ್ಲಿ ಕೊಳ್ಳಲಾಗದು. ಆದುದರಿಂದಲೇ ಅಲ್ಲಿ ಗೇಣಿದಾರನು ಜಮೀನನ್ನು ಬಿಟ್ಟುಹೋಗುವಾಗ ಒಡೆಯನ ಮಂದೆಯೆಂದು ಗೊತ್ತಾದಷ್ಟು ಕುರಿಗಳನ್ನು ಜಮೀನಿನೊಡನೆಯೇ ಒಪ್ಪಿಸಿಹೋಗುವ ಸಂಪ್ರದಾಯ ಬೆಳೆದಿದೆ. 2001ರ ಕಾಲುಬಾಯಿ ಜ್ವರದಲ್ಲಿ ಬ್ರಿಟನ್ನಿನಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದಾಗ ಕಂಬ್ರಿಯಾದಲ್ಲಿ ಹುಟ್ಟಿದ ಭಯವೂ ಇದೇ: ಮಂದೆಯನ್ನು ಕೊಳ್ಳಬಹುದು, ಬೆಟ್ಟವನ್ನು ಬಲ್ಲ ಮಂದೆಯನ್ನು ಎಲ್ಲಿಂದ ತರುವುದು?

ಇಂಥ ಕುರಿಗಾಹಿಗೆ ಹೊಸ ಯೋಜನೆಯ ಆಶಯ ಪರಕೀಯವೇನೂ ಅಲ್ಲ. ಕೆಲವು ಎಡೆಗಳಲ್ಲಿ ಕುರಿಗಳು ಅತಿಯಾಗಿ ಮೇಯ್ದು ಬೆಟ್ಟ ಬೋಳಾದುದೂ ನಿಜ, ಮಂದೆಯನ್ನು ಕಿರಿದುಗೊಳಿಸಿದರೆ ಹೀದರ್ ಪೊದೆ ಮರಳಿ ಬಂದು ಪೀಟ್ ಮಣ್ಣು ನೀರನ್ನು ಹಿಡಿದಿಡುವುದೂ ನಿಜ. ಆದರೆ ಮೂರು ವರ್ಷದ ಕರಾರನ್ನು ನಂಬಿ ಮಂದೆಯನ್ನು ಅರ್ಧಕ್ಕಿಳಿಸಿದ ಬಳಿಕ, ನಾಲ್ಕನೆಯ ವರ್ಷ ಆ ಯೋಜನೆಯೇ ಇಲ್ಲವಾದರೆ, ಮಾರಿಬಿಟ್ಟ ಕುರಿಗಳು ಮರಳಿ ಬಂದರೂ ಅವುಗಳ ಎಲ್ಲೆಯ ಅರಿವು ಮರಳುವುದಿಲ್ಲ. ಗೇಣಿದಾರನ ಪಾಡು ಇನ್ನೂ ಬಿಗಿಯಾದುದು. ಇಂಗ್ಲೆಂಡಿನ ಕೃಷಿಭೂಮಿಯ ಮೂರನೆಯ ಒಂದು ಪಾಲಿನಷ್ಟು ಗೇಣಿಯಲ್ಲಿದೆ. 1995ರ ಕಾಯಿದೆಯ ನಂತರದ ಹೊಸ ಗೇಣಿಗಳ ಅವಧಿ ಬಹುಮಟ್ಟಿಗೆ ಮೂರು ನಾಲ್ಕು ವರ್ಷ. ಹೊಸ ಏರ್ಪಾಟಿನ ಇನ್ನೊಂದು ಯೋಜನೆಯಾದ ಭೂದೃಶ್ಯ ಪುನರುಜ್ಜೀವನದ ಇಪ್ಪತ್ತು ವರ್ಷದ ಕರಾರಿಗೆ ಆತನು ಸಹಿ ಹಾಕುವುದೆಂತು? ಒಡೆಯನೇ ಸಹಿ ಹಾಕಿ, ಗೇಣಿದಾರನನ್ನು ಬಿಡಿಸಿ, ಮರ ನೆಟ್ಟು ಹಣ ಪಡೆಯುವ ಪ್ರಲೋಭನೆಗೂ ಇಲ್ಲಿ ಎಡೆಯುಂಟು. 2022ರಲ್ಲಿ ಬ್ಯಾರೊನೆಸ್ ಕೇಟ್ ರಾಕ್ ಅವರ ಅಧ್ಯಕ್ಷತೆಯ ಸಮಿತಿಯು ಇದನ್ನು ಸ್ಪಷ್ಟವಾಗಿ ವರದಿಮಾಡಿತು.

ವೇಲ್ಸಿನ ಕಥೆ ಸ್ವಲ್ಪ ಭಿನ್ನ. ಕೃಷಿ ಅಲ್ಲಿಯ ಸರಕಾರದ ಅಧಿಕಾರಕ್ಕೆ ಸೇರಿದ ವಿಷಯ. ಪ್ರತಿ ಹಿಡುವಳಿಯ ನೂರಕ್ಕೆ ಹತ್ತರಷ್ಟು ನೆಲದಲ್ಲಿ ಮರಗಳಿರಬೇಕೆಂದು ಆ ಸರಕಾರವು ಹೊಸ ಯೋಜನೆಯಲ್ಲಿ ಷರತ್ತು ಹಾಕಿತು. ಯೋಜನೆಯಿಂದ 5,500 ಉದ್ಯೋಗಗಳು ನಷ್ಟವಾಗಬಹುದೆಂದು ಸರಕಾರವೇ ಮಾಡಿಸಿದ ಅಂದಾಜು ತಿಳಿಸಿತ್ತು. 2024ರ ಮಾರ್ಚಿನಲ್ಲಿ ರೈತರು ಕಾರ್ಡಿಫಿನ ಶಾಸನಸಭೆಯ ಮೆಟ್ಟಿಲುಗಳ ಮೇಲೆ 5,500 ಜೊತೆ ಗಮ್‌ಬೂಟುಗಳನ್ನು ಸಾಲಾಗಿ ಇಟ್ಟರು. ಕೆಸರು ಮೆತ್ತಿದವು, ಸವೆದವು, ಪುಟ್ಟ ಮಕ್ಕಳವು. ಒಂದೊಂದು ಜೊತೆಯೂ ಇಲ್ಲವಾಗಲಿರುವ ಒಬ್ಬ ದುಡಿಯುವವನ ಲೆಕ್ಕ. ವೆಲ್ಷ್ ಭಾಷೆ ಅತಿ ಹೆಚ್ಚಿನ ಪ್ರಮಾಣದಲ್ಲಿ ಉಳಿದಿರುವ ವೃತ್ತಿ ಬೇಸಾಯವೇ ಆದುದರಿಂದ, ಅಲ್ಲಿ ಒಂದು ಮನೆ ಬೇಸಾಯವನ್ನು ಬಿಟ್ಟರೆ ನುಡಿಯೂ ಒಂದು ಒಲೆಯ ಬದಿಯಿಂದ ಎದ್ದುಹೋದಂತೆ. ನುಡಿಯ ಅಳಿವು ಉಳಿವುಗಳ ಬಗ್ಗೆ ಚಿಂತಿಸುವ ನಮಗೆ ಇದರ ಅರ್ಥ ಬೇಗ ತಿಳಿದೀತು. ಸರಕಾರವು ಆ ಷರತ್ತನ್ನು ಕೈಬಿಟ್ಟು, ಯೋಜನೆಯನ್ನು ಮುಂದೂಡಿ, ತಿದ್ದಿ, 2026ರ ಜನವರಿಯಿಂದ ಆರಂಭಿಸಿತು. ಸ್ಕಾಟ್ಲೆಂಡಾದರೋ ನೇರ ಪಾವತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡೇ ನಡೆದಿದೆ.

ಸಹಾಯಧನವೇ ಏಕೆ ಬೇಕು, ನ್ಯೂಜಿಲೆಂಡನ್ನು ನೋಡಿ ಎನ್ನುವವರಿದ್ದಾರೆ. 1984ರಲ್ಲಿ ಅಲ್ಲಿಯ ಲೇಬರ್ ಸರಕಾರವು, ರೋಜರ್ ಡಗ್ಲಸ್ ಹಣಕಾಸಿನ ಮಂತ್ರಿಯಾಗಿದ್ದಾಗ, ಕೃಷಿ ಸಹಾಯಧನಗಳನ್ನು ಬಹುಬೇಗ ಕಿತ್ತುಹಾಕಿತು. ಭಯಪಟ್ಟಷ್ಟು ಮಂದಿ ಹೊಲವನ್ನು ಕಳೆದುಕೊಳ್ಳಲಿಲ್ಲ, ಹೈನುಗಾರಿಕೆ ಹಬ್ಬಿತು, ಏಳು ಕೋಟಿಯಷ್ಟಿದ್ದ ಕುರಿಗಳು ಈಗ ಎರಡೂವರೆ ಕೋಟಿಗಿಂತ ಕಡಿಮೆಯಾಗಿವೆ. ಆದರೆ ನ್ಯೂಜಿಲೆಂಡು ಬೆಳೆದುದರ ಬಹುಭಾಗವನ್ನು ಹೊರದೇಶಗಳಿಗೆ ಮಾರುವ ನಾಡು. ಅದೇ ವರ್ಷ ತನ್ನ ನಾಣ್ಯದ ಮೌಲ್ಯವನ್ನು ಐದನೆಯ ಒಂದರಷ್ಟು ಇಳಿಸಿದುದು ಅದರ ರೈತರಿಗೆ ಒತ್ತಾಸೆಯಾಯಿತು. ಬ್ರಿಟನ್ ತನ್ನ ಆಹಾರದ ನೂರಕ್ಕೆ ಅರುವತ್ತರಷ್ಟನ್ನು ಮಾತ್ರ ತಾನೇ ಬೆಳೆಯುತ್ತದೆ. ಕಡಲ ಕಾಲುವೆಯಾಚೆಯ ಫ್ರಾನ್ಸಿನ, ಗಡಿಯಾಚೆಯ ಐರ್ಲೆಂಡಿನ ರೈತರು ಇಂದಿಗೂ ಒಕ್ಕೂಟದ ನೇರ ಪಾವತಿಯನ್ನು ಪಡೆಯುತ್ತಲೇ ಬ್ರಿಟನ್ನಿನ ರೈತನೊಡನೆ ಸ್ಪರ್ಧಿಸುತ್ತಾರೆ. ಅತ್ತ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳೊಡನೆ 2023ರ ಮೇ 31ರಿಂದ ಜಾರಿಗೆ ಬಂದ ಒಪ್ಪಂದಗಳಲ್ಲಿ ಗೋಮಾಂಸಕ್ಕೂ ಕುರಿಮಾಂಸಕ್ಕೂ ಸುಂಕದ ಗೋಡೆ ವರ್ಷವರ್ಷವೂ ತಗ್ಗುತ್ತಿದೆ. ಆಸ್ಟ್ರೇಲಿಯಾದ ಒಪ್ಪಂದವು ಬ್ರಿಟನ್ನಿಗೆ ಅಷ್ಟೇನೂ ಒಳ್ಳೆಯದಲ್ಲವೆಂದು, ಅದು ಕುದುರಿದಾಗ ಕೃಷಿಮಂತ್ರಿಯಾಗಿದ್ದ ಜಾರ್ಜ್ ಯೂಸ್ಟಿಸ್ ಅವರೇ ಅಧಿಕಾರವನ್ನು ಬಿಟ್ಟ ಮೇಲೆ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡರು. ಗೋಡೆಯನ್ನೂ ಕೆಡವಿ, ಆಸರೆಯನ್ನೂ ಹಿಂತೆಗೆದು, ಹಕ್ಕಿಗಳನ್ನೂ ನೀವೇ ಸಾಕಿರೆಂದು ಬೆಟ್ಟದ ರೈತನಿಗೆ ಹೇಳುವುದು ನ್ಯಾಯವಾಗದು.

2020ರ ಶಾಸನದಲ್ಲಿಯೇ ಈ ಚಂಚಲತೆಗೆ ಅರ್ಧ ಪರಿಹಾರ ಅಡಗಿದೆ. ಅದರ ನಾಲ್ಕನೆಯ ವಿಧಿಯ ಪ್ರಕಾರ ಸರಕಾರವು ಬಹುವಾರ್ಷಿಕ ನೆರವಿನ ಯೋಜನೆಯನ್ನು ಸಿದ್ಧಪಡಿಸತಕ್ಕದ್ದು. ಮೊದಲನೆಯದರ ಅವಧಿ 2021ರಿಂದ ಏಳು ವರ್ಷ, ಮುಂದಿನವು ಐದು ವರ್ಷಕ್ಕೆ ಕಡಿಮೆಯಿರಬಾರದು. ಆದರೆ ಆ ಯೋಜನೆಯಲ್ಲಿ ಉದ್ದೇಶಗಳನ್ನು ವಿವರಿಸಿದರೆ ಸಾಕು. ಮೊತ್ತವನ್ನು ಕಟ್ಟುವ ಹೊಣೆಯಿಲ್ಲ. ಇಂಗ್ಲೆಂಡಿಗೆ ವರ್ಷಕ್ಕೆ ಸುಮಾರು 240 ಕೋಟಿ ಪೌಂಡೆಂಬ ಅಂಕಿ ಬೆಲೆಯೇರಿಕೆಯ ನಡುವೆಯೂ ವರ್ಷಗಟ್ಟಲೆ ಕದಲದೆ ನಿಂತು ಒಳಗೊಳಗೇ ಸವೆದುದು ಈ ಕೊರತೆಯಿಂದಲೇ. ಎರಡನೆಯ ಯೋಜನೆ 2028ರ ಜನವರಿ 1ರಂದು ಆರಂಭವಾಗಬೇಕು. ಅಷ್ಟರೊಳಗೆ ಆ ವಿಧಿಯನ್ನು ತಿದ್ದಿ, ಅವಧಿಯ ಒಟ್ಟು ಮೊತ್ತವನ್ನು ಬೆಲೆಯ ಏರಿಕೆಗೆ ಹೊಂದಿಸಿ ಶಾಸನದಲ್ಲಿಯೇ ನಮೂದಿಸಬೇಕು. ಯಾವ ಯೋಜನೆಯನ್ನಾದರೂ ಅವಧಿಗೆ ಮುನ್ನ ಮುಚ್ಚಬೇಕಾದರೆ ಪಾರ್ಲಿಮೆಂಟಿನ ಮತ ಬೇಕೆಂದು ವಿಧಿಸಬೇಕು. ಬೆಟ್ಟದ ಗೋಮಾಳಗಳ ಕರಾರು ಒಂದು ಮಂದೆ ತನ್ನ ಎಲ್ಲೆಯನ್ನು ಕಲಿಯುವಷ್ಟು ದೀರ್ಘವಾಗಿರಬೇಕು. ಗೇಣಿದಾರನ ಗೇಣಿಯ ಅವಧಿಯನ್ನು ಆ ಕರಾರಿನ ಅವಧಿಯವರೆಗೆ ಒಡೆಯನು ಮೊಟಕುಗೊಳಿಸಕೂಡದು. 1920ರ ಶಾಸನದಲ್ಲಿ ನಾಲ್ಕು ವರ್ಷದ ಮುನ್ಸೂಚನೆಯ ವಿಧಿಯಿದ್ದರೂ ಅದನ್ನು ಸುಲಭವಾಗಿ ಅಳಿಸಿದರಲ್ಲವೇ ಎಂದು ಕೇಳಬಹುದು. ಹೌದು, ಬಹುಮತವುಳ್ಳ ಪಾರ್ಲಿಮೆಂಟು ತನ್ನ ಶಾಸನವನ್ನು ತಾನೇ ಅಳಿಸಬಲ್ಲುದು. ಆದರೆ ಹಾಗೆ ಅಳಿಸುವಾಗ ಪ್ರತಿಯೊಬ್ಬ ಸದಸ್ಯನೂ ಹಗಲಿನಲ್ಲಿ, ಹೆಸರು ಹೇಳಿ, ಮತ ಕೊಟ್ಟು ಅಳಿಸಬೇಕಾಗುತ್ತದೆ. ಕಚೇರಿಯೊಂದರ ಗಣಕಯಂತ್ರದಲ್ಲಿ ಸಂಜೆಯ ಹೊತ್ತು ಅರ್ಜಿಯ ಪುಟವನ್ನು ಮುಚ್ಚಿಬಿಡುವುದು ಆಗ ಸಾಧ್ಯವಾಗುವುದಿಲ್ಲ.